ಬಾಣಂತಿಯ ಬಾಯಾರಿಕೆ

ಶ್ರೀ ಮಹದೇಶ್ವರ ಪ್ರಸನ್ನ

ಕಾಮಗೆರೆ ಆಸ್ಪತ್ರೆ
14-8-1969, ಗುರುವಾರ

ಚಿ|| ಸೌ|| ತಂಗಿ ಬಸವಮ್ಮನಿಗೆ ಅಕ್ಕ ವೀರಮ್ಮ ಮಾಡುವ ಆಶೀರ್ವಾದಗಳು.

ಯಳಂದೂರಿನಿಂದ ನೀನು ಹಾಕಿದ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ನನ್ನ ಮಗಳು ಮಹಾದೇವಮ್ಮ ಹೆತ್ತು ಒಂಬತ್ತು ದಿನವಾಯಿತು. ಗಂಡು ಮಗು, ಅಜ್ಜನ ಮೂಗು, ಅಜ್ಜನದೇ ಹಟ. ಮಗು ಚೆನ್ನಾಗಿದೆ, ಅವಳೇ ಚೆನ್ನಾಗಿಲ್ಲ.

ಐದನೇ ದಿನ ಚಳಿಜ್ವರ ಬಂತು. ಬಾಣಂತನದಲ್ಲಿ ಪಳಗಿದ ಕೈ ನನ್ನದು, ಯಾರ ಮಾತು ಕೇಳುತ್ತೇನೆ! ಕಂಬಳಿ ಹೊದಿಸಿದೆ, ಸಾಂಬ್ರಾಣಿ ಹೊಗೆ ಹಾಕಿದೆ, ಬೆಳ್ಳುಳ್ಳಿ ಖಾರ ತಿನ್ನಿಸಿದೆ. ನೀರು ಕೇಳಿದಾಗೆಲ್ಲ ನಮ್ಮ ಪದ್ಧತಿಯಂತೆ ವೀಳ್ಯದೆಲೆ ಅಗಿಯಲು ಕೊಟ್ಟೆ.

"ಅವ್ವಾ, ಒಂದ್ ಗುಟುಕು ಕೊಡವ್ವ" ಅಂದಳು.

"ಅಸಿ ಮೈ ಕಣವ್ವ, ನೀರ್ ಕುಡುದ್ರೆ ಸನ್ನಿ ಆಯ್ತದೆ. ಸುಮ್ಕಿರು" ಅಂದೆ.

ನಿನ್ನೆ ಬೆಳಿಗ್ಗೆ ನನ್ನ ಗುರುತೇ ಅವಳಿಗೆ ಸಿಗಲಿಲ್ಲ. ಕೈಕಾಲು ತಣ್ಣಗಾಗಿದ್ದವು. ಅಳಿಯ ಗುರುಮಲ್ಲಪ್ಪ ಹನೂರಿನಲ್ಲಿ ಬಾಡಿಗೆ ಕಾರು ಹಿಡಿದು ಇಲ್ಲಿಗೆ ಕರೆತಂದರು.

ಡಾಕ್ಟರಮ್ಮ ನಾಡಿ ಹಿಡಿದು, "ನಂಜು ರಕ್ತಕ್ಕೆ ಏರಿದೆ, ಬಿ.ಪಿ. ಬಿದ್ದುಹೋಗಿದೆ. ಮೈಯಲ್ಲಿ ನೀರೇ ಇಲ್ಲವಲ್ಲ, ಕುಡಿಯೋಕೆ ಏನು ಕೊಟ್ಟಿರಿ?" ಎಂದು ಕೇಳಿದರು. ನಾನು ಅವಳ ಕಂಬಳಿ ಸರಿಮಾಡತೊಡಗಿದೆ. ಈಗ ಗಾಜಿನ ಬಾಟಲಿಯಿಂದ ಉಪ್ಪುನೀರು ನರಕ್ಕೆ ಇಳಿಯುತ್ತಿದೆ, ಇದು ಆರನೆಯದು. ಮೂಗಿಗೆ ನಳಿಗೆ ಇಟ್ಟು ಸಿಲಿಂಡರಿನಿಂದ ಆಮ್ಲಜನಕ ಬಿಟ್ಟಿದ್ದಾರೆ. ನರ್ಸಮ್ಮ ಗಂಟೆಗೊಮ್ಮೆ ಮೂತ್ರ ಅಳೆಯುತ್ತಾರೆ.

"ಇನ್ನೂ ಬಾಟ್ಲಿ ಆಕಿ ತಾಯಿ, ದಮ್ಮಯ್ಯ" ಅಂತ ಡಾಕ್ಟರಮ್ಮನ ಕಾಲು ಹಿಡಿದೆ.

"ಕಮ್ಮಿಯಾದ್ರೆ ರಕ್ತ ಓಡಲ್ಲ, ಜಾಸ್ತಿಯಾದ್ರೆ ಶ್ವಾಸಕೋಶದಲ್ಲಿ ತುಂಬ್ಕೊಳ್ಳುತ್ತೆ. ನೋಡಿ ನೋಡಿ ಕೊಡಬೇಕಮ್ಮ" ಅಂದರು.

ಅವಳ ಎದೆ ಏದುತ್ತಿದೆ, ತುಟಿ ನೀಲಿಯಾಗಿದೆ. ಬಾಟಲಿಯಲ್ಲಿ ತೊಟ್ಟು ಬಿದ್ದರೆ ಹೆಚ್ಚಾಯಿತೇನೋ ಎಂದು ಹೆದರುತ್ತೇನೆ, ನಿಂತರೆ ಜೀವವೇ ಹೋಯಿತೇನೋ ಎಂದು ಹೆದರುತ್ತೇನೆ. ನಾಳೆಯವರೆಗೆ ಏನೂ ಹೇಳುವಂತಿಲ್ಲವಂತೆ.

ನಿನಗೂ ಮಕ್ಕಳಿಗೂ ದೇವರು ಆಯುಸ್ಸು ಕೊಡಲಿ. ಕಾಗದ ಕಂಡ ಕೂಡಲೇ ದೇವರಿಗೆ ಒಂದು ದೀಪ ಹಚ್ಚು.

ನಿನ್ನ ಅಕ್ಕ,
ವೀರಮ್ಮ

ತಾ.ಕ.: ಇದನ್ನು ಬರೆಯದೆ ಕಾಗದ ಮಡಿಸಲು ಆಗುತ್ತಿಲ್ಲ. ನೀನು ಟೈಫಾಯಿಡ್‌ನಿಂದ ಮಲಗಿದ್ದ ವರ್ಷ ನಿನ್ನ ಮಗಳು ಸಿದ್ದಮ್ಮನ ಬಾಣಂತನವನ್ನು ನಾನೇ ಮಾಡಿದೆ. ಅವಳು ಸತ್ತಾಗ ನನಗೆ ಕೆಟ್ಟ ಹೆಸರು ಬರುತ್ತದೆಂದು ಹೆದರಿ, ಕದ್ದು ನೀರು ಕುಡಿದಳು, ಅದಕ್ಕೇ ಸನ್ನಿಯಾಯಿತು ಎಂದು ನಿನಗೆ ಹೇಳಿದೆ. ಹನ್ನೊಂದು ವರ್ಷದಿಂದ ನೀನು ಸತ್ತವಳನ್ನೇ ಬೈಯುತ್ತಿದ್ದೀಯೆ. ಅವಳು ಕುಡಿಯಲಿಲ್ಲ ಬಸವಮ್ಮ. ಮೂರು ದಿನ ಕೇಳಿದಳು. ನಾನು ಕೊಡಲಿಲ್ಲ.