ತೋಳಿನ ಹೊಲಿಗೆ

ಪ್ರೀತಿಯ ತಮ್ಮಾ,

ಗ್ರಂಥಾಲಯದ ಮಹಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಹತ್ತಕ್ಕೆ ಬರಬೇಕಾದ ಹುಡುಗಿ ಹತ್ತೂವರೆಯಾದರೂ ಬಂದಿಲ್ಲ. ಮೂರು ಸಲ ಕಿಟಕಿಯ ತನಕ ಹೋಗಿ ಬಂದೆ.

"ಮುದುಕರನ್ನೂ ಹುಡುಗರನ್ನೂ ಒಂದೇ ಕೋಣೇಲಿ ತುಂಬಿದ್ರೆ ಯಾರಿಗೇನು ಲಾಭ ಅಕ್ಕಾ?" ಅಂತ ಫೋನಿನಲ್ಲಿ ನಕ್ಕೆಯಲ್ಲ. ಪ್ರತಿ ಗುರುವಾರ ನಾವು ಎಂಟು ಜನ ಮುದುಕರು, ಎಂಟು ಜನ ಕಾಲೇಜಿನವರು ಇಲ್ಲಿ ಜೋಡಿಯಾಗಿ ಕೂರುತ್ತೇವೆ. ನಿವೃತ್ತ ಪೋಸ್ಟ್‌ಮ್ಯಾನ್ ತನ್ನ ಜೋಡಿಯಿಂದ ಚದುರಂಗ ಕಲಿತು ಅವಳಿಗೇ ಮೋಸ ಮಾಡುತ್ತಾನೆ. ನನ್ನ ಪಾಲಿಗೆ ಬಂದವಳು ಹೊಲಿಗೆ ಕಲಿಯುವವಳು. ನಾಲಿಗೆ ಹರಿತ, ಅದಕ್ಕೇ ಕತ್ತರಿ ಅಂತ ಕರೆಯುತ್ತೇನೆ. ಮೊದಲ ದಿನವೇ, "ಅಜ್ಜಿ, ಕನ್ನಡಕ ಒರೆಸಿ ಎಷ್ಟು ವರ್ಷ ಆಯ್ತು?" ಅಂದು ತಾನೇ ಒರೆಸಿಕೊಟ್ಟಳು. ನನ್ನ ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಜಗಳಕ್ಕೂ ಜನವಿಲ್ಲದೆ ನನ್ನ ಬಾಯಿ ತುಕ್ಕು ಹಿಡಿದಿತ್ತು. ಅವಳು ಬಂದ ಮೇಲೆ ಬುಧವಾರವೇ ಸೂಜಿ ದಾರ ಜೋಡಿಸಿಡುವ ಹಾಗಾಯಿತು.

ಎರಡು ತಿಂಗಳು ಒದ್ದಾಡಿ ಅವಳಮ್ಮನಿಗೊಂದು ಅಂಗಿ ಹೊಲಿದಳು. ಎಡತೋಳು ಸುಕ್ಕು ಸುಕ್ಕು. ಗುಂಡಿ ಹಚ್ಚಿಕೊಡುತ್ತೇನೆಂದು ಮನೆಗೆ ತಂದ ನಾನು, ಸುಮ್ಮನಿರಲಾರದೆ, ಅವಳಿಗೆ ಹೇಳದೆ ಆ ತೋಳು ಬಿಚ್ಚಿ ಹೊಲಿದುಬಿಟ್ಟೆ. ನಲವತ್ತು ವರ್ಷದ ಚಾಳಿ ಕಣೋ. ಅಂಗಡಿಯಲ್ಲಿ ಕೆಲಸದವರ ಸೊಟ್ಟ ಹೊಲಿಗೆಯನ್ನು ಗಿರಾಕಿಯ ಕಣ್ಣಿಗೆ ಬೀಳುವ ಮೊದಲೇ ಸರಿಮಾಡುತ್ತಿದ್ದೆ. ಇಲ್ಲಿ ಗಿರಾಕಿಯೇ ಇಲ್ಲವೆನ್ನುವುದು ಹೊಳೆಯಲೇ ಇಲ್ಲ.

ಕಳೆದ ಗುರುವಾರ ಬಂದವಳು ಕೂರಲಿಲ್ಲ. "ಅಮ್ಮ ಎಡತೋಳೊಂದನ್ನೇ ಮೆಚ್ಕೊಂಡ್ರು ಅಜ್ಜಿ. ಅದು ನಂದಲ್ಲ" ಅಂದು ಹೊರಟುಹೋದಳು. ಅಂದಿನಿಂದ ಅವಳು ಫೋನ್ ಎತ್ತುವುದಿಲ್ಲ, ಮನೆ ಎಲ್ಲೆಂದು ತಿಳಿಯದು. ಹೆತ್ತ ಮಕ್ಕಳಿಗೇ ಒಮ್ಮೆಯೂ ತಪ್ಪಾಯಿತು ಅಂದವಳಲ್ಲ ನಾನು, ನಿನಗೆ ಗೊತ್ತಿಲ್ಲವೇ? ಈಗ ಅದೇ ಮಾತು ಬಾಯಲ್ಲಿಟ್ಟುಕೊಂಡು ಬಾಗಿಲು ಕಾಯುತ್ತಿದ್ದೇನೆ. ಇನ್ನು ಬರದೇ ಹೋದರೆ?

ಮೆಟ್ಟಿಲಲ್ಲಿ ಸದ್ದು. ಪೆನ್ನು ಇಡುತ್ತೇನೆ.

ಮನೆಗೆ ಬಂದು ಮುಂದುವರಿಸುತ್ತಿದ್ದೇನೆ. ಮೆಟ್ಟಿಲು ಹತ್ತಿ ಬಂದದ್ದು ಅವಳೇ. "ತಪ್ಪಾಯ್ತು ಮಗಾ" ಅಂದೆ. ಅವಳು ಚೀಲದಿಂದ ಅದೇ ಅಂಗಿ ತೆಗೆದು, ನನ್ನ ಹೊಲಿಗೆಯನ್ನು ನನ್ನೆದುರೇ ಒಂದೊಂದಾಗಿ ಬಿಚ್ಚಿದಳು. ಎಂಥ ಹೊಲಿಗೆ ಅದು! ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತೆ. ಹೊಲಿದಳು, ಸುಕ್ಕು ಬಂತು. ತಾನೇ ಬಿಚ್ಚಿದಳು. ಮತ್ತೆ ಹೊಲಿದಳು. ಸುಕ್ಕು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

"ಅಮ್ಮ ಕೇಳಿದ್ರೆ ಏನಂತೀಯೆ?" ಅಂದೆ.

"ಚೆನ್ನಾಗಿದ್ದ ತೋಳು ಯಾಕೆ ಕೆಡಿಸ್ದೆ ಅಂತಾರೆ. ಅನ್ಲಿ. ಇದು ನಾನೇ ಹೊಲ್ದಿದ್ದು ಅಂತೀನಿ." ಆಮೇಲೆ ತಲೆಯೆತ್ತದೆಯೇ, "ಮುಂದಿನ ವಾರ ಜೇಬು ಹೇಳ್ಕೊಡಿ. ಕೈ ಮಾತ್ರ ಹಿಂದಕ್ಕೆ ಕಟ್ಕೊಂಡು ಬನ್ನಿ."

ಬೆರಳುಗಳು ಇನ್ನೂ ತುರಿಸುತ್ತಿವೆ ತಮ್ಮಾ. ಆ ಸುಕ್ಕು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಆದರೂ ಮುಂದಿನ ಗುರುವಾರಕ್ಕೆ ಇನ್ನೂ ಏಳು ದಿನ ಕಾಯಬೇಕೇ ಅನ್ನಿಸುತ್ತಿದೆ.

ನಿನ್ನ ಮೊಣಕಾಲು ನೋವು ಕಡಿಮೆಯಾಗಲಿ. ಹೀಗೆ ಮುಖಕ್ಕೆ ಹೊಡೆದಂತೆ ಬೈಯುವವರೊಬ್ಬರು ನಿನಗೂ ಸಿಗಲಿ.

ನಿನ್ನ ಅಕ್ಕ