ಗಡಿಯಾರದಜ್ಜಿಯ ಹೆಜ್ಜೆ ಸಪ್ಪಳ

ಆಫೀಸಿನ ಶಬ್ದದ ಕೋಣೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಅಕ್ಕ, ಅವಳ ಪಾಪು ಹೇಗಿದ್ದಾರೆ? ಪಾಪು ಯಾರ ಹಾಗಿದೆ ಎಂಬುದನ್ನು ಆಮೇಲೆ ಬರಿ, ಮೊದಲು ನಿನ್ನ ವಿಷಯ ಹೇಳು. ಅಕ್ಕನ ಮನೆಯ ಮೆಟ್ಟಿಲು ಕಡಿದು. ಗೋಡೆ ಹಿಡಿದುಕೊಂಡೇ ಹತ್ತು, ಪಾಪುವನ್ನು ಎತ್ತಿಕೊಂಡು ಮಾತ್ರ ಇಳಿಯಬೇಡ. ಕಾಲು ಜೋಮು ಹಿಡಿಯುತ್ತದೆಯೇ? ಕೈಯಿಂದ ಲೋಟ ಜಾರುವುದು, ತಲೆ ಸುತ್ತುವುದು ಏನಾದರೂ ಇದೆಯೇ? ‘ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಎಂದು ತೇಲಿಸಿಬಿಡಬೇಡ. ಫೋನಿನಲ್ಲಿ ಕೇಳಿದರೆ ಅರ್ಧ ನಿನಗೆ ಕೇಳಿಸುವುದಿಲ್ಲ, ಉಳಿದರ್ಧ ಕೇಳಿಸದ ಹಾಗೆ ನಟಿಸುತ್ತೀಯ. ಅದಕ್ಕೇ ಈ ಕಾಗದ. ಭಾವನ ಗೆಳೆಯರೊಬ್ಬರು ಸಂಜೆ ಆ ಕಡೆ ಹೊರಟಿದ್ದಾರೆ, ಬೆಳಿಗ್ಗೆ ನಿನ್ನ ಕೈಗೇ ಕೊಡುತ್ತಾರೆ.

ಇಲ್ಲಿ ಆಫೀಸಿನಲ್ಲಿ ಯಾರ ಮುಖದಲ್ಲೂ ಕಳೆಯಿಲ್ಲ. ಮಕ್ಕಳ ಮೊಬೈಲ್ ಆಟ ತಯಾರಿಸುವ ಕಂಪನಿ ಇದು ಎಂದರೆ ಹೊರಗಿನವರು ನಂಬಲಿಕ್ಕಿಲ್ಲ. ಎಲ್ಲ ಕೆಲಸಕ್ಕೂ ಕೃತಕ ಬುದ್ಧಿಮತ್ತೆಯನ್ನು ಬಳಸಬೇಕೆಂದು ಮೇಲಿನವರು ತೀರ್ಮಾನಿಸಿದ್ದಾರೆ. ಚಿತ್ರ ಬರೆಯುವವರ ಸಾಲಿನಲ್ಲಿ ಅರ್ಧ ಕುರ್ಚಿ ಖಾಲಿ. ಉಳಿದವರು ಈಗ ಬರೆಯುವುದಿಲ್ಲ, ಯಂತ್ರ ಬರೆದದ್ದನ್ನು ತಿದ್ದುತ್ತಾರೆ. ಈಗ ನನ್ನ ಕೋಣೆಯ ಸರದಿ. ನೀನು ನೆಂಟರ ಹತ್ತಿರವೆಲ್ಲ ‘ಇವಳು ಸಾಮಾನು ಬಡಿದು ಸಂಬಳ ತಗೋತಾಳೆ’ ಎನ್ನುತ್ತೀಯಲ್ಲ, ಆ ಕೆಲಸ. ಜೋಳದ ಹಿಟ್ಟಿನ ಚೀಲ ಅಮುಕಿ ಹಿಮದಲ್ಲಿ ನಡೆದ ಸದ್ದು ಮಾಡುತ್ತೇನೆ. ನೀನು ಎಸೆಯಲು ಹೊರಟಿದ್ದ ಹಳೇ ಕೊಡೆಯನ್ನು ಪಟಪಟನೆ ಬಿಚ್ಚಿ ಮುಚ್ಚಿ ಹಕ್ಕಿ ಹಾರಿಸುತ್ತೇನೆ. ಯಂತ್ರಕ್ಕೆ ಹಿಟ್ಟೂ ಬೇಡ, ಕೊಡೆಯೂ ಬೇಡ. ‘ಹಿಮದಲ್ಲಿ ನಡಿಗೆ’ ಎಂದು ಟೈಪ್ ಮಾಡಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಸದ್ದು ಸಿದ್ಧ. ಸುಳ್ಳು ಯಾಕೆ ಹೇಳಲಿ, ನನ್ನದಕ್ಕಿಂತ ಚೆನ್ನಾಗಿತ್ತು. ಹೊಟ್ಟೆ ಉರಿಯಿತು.

ಅದು ಮುಗ್ಗರಿಸಿದ್ದು ಗಡಿಯಾರದಜ್ಜಿಯ ವಿಷಯದಲ್ಲಿ. ಮನೆಮನೆಗೆ ಹೋಗಿ ಕೆಟ್ಟ ಗಡಿಯಾರ ಸರಿಮಾಡುವ, ನಮ್ಮ ಆಟದ ಆ ಅಜ್ಜಿಯೇ ಕಂಪನಿಗೆ ಅನ್ನ ಹಾಕುವವಳು. ಬಾಗಿಲು ತೆರೆಯುವ ಮೊದಲೇ ಮಕ್ಕಳು ಹೆಜ್ಜೆಯ ಸಪ್ಪಳದಿಂದ ಅವಳನ್ನು ಗುರುತಿಸಬೇಕು, ಅದೇ ಆಟ. ಆ ಸಪ್ಪಳ ನಿನ್ನದು. ಪ್ರತಿ ಹೊಸ ಕಥೆಗೂ ಮನೆಯ ಪಡಸಾಲೆಯಲ್ಲಿ ನಿನ್ನನ್ನು ನಡೆಸಿದ್ದೇನೆ, ಒಮ್ಮೆ ಚಪ್ಪಲಿಯಲ್ಲಿ, ಒಮ್ಮೆ ಬರಿಗಾಲಿನಲ್ಲಿ. ಈ ಸಲ ಅಜ್ಜಿ ಮಲಗಿದ ಮಗುವಿನ ಕೋಣೆಗೆ ಹೋಗುವುದಿತ್ತು. ನೀನು ಅಕ್ಕನ ಊರಿಗೆ ಹೊರಡುವ ಹಿಂದಿನ ದಿನ ನಡೆಸಿದಾಗಲೂ ‘ನಡೆಯೋದ್ರಲ್ಲಿ ಕೇಳೋಕೇನಿದೆ’ ಎಂದು ಗೊಣಗಿದ್ದೆ. ಇದೆಯಮ್ಮಾ. ಯಂತ್ರ ಹುಟ್ಟಿಸಿದ ಅಜ್ಜಿ ಕಳ್ಳನನ್ನು ಅಟ್ಟಿಸಿಕೊಂಡು ಹೋಗುವ ಪೊಲೀಸಿನ ಹಾಗೆ ನಡೆದಳು.

ನಮ್ಮ ಮುಖ್ಯಸ್ಥೆಗೆ ಉಪಾಯ ಹೊಳೆಯಿತು. ನಿನ್ನ ಹೆಜ್ಜೆಗಳನ್ನೆಲ್ಲ ಯಂತ್ರಕ್ಕೆ ಕೊಟ್ಟು ಕಲಿಸುವುದು. ನಾಳೆ ಮಧ್ಯಾಹ್ನ ಒಪ್ಪಿಸಬೇಕು. ಕೊಟ್ಟರೆ ನನ್ನ ಕೋಣೆ ಮೀಟಿಂಗ್ ಕೋಣೆಯಾಗುತ್ತದೆ, ನಾನು ಯಂತ್ರದ ಸದ್ದುಗಳನ್ನು ಕೇಳಿ ಆರಿಸುವವಳಾಗುತ್ತೇನೆ. ನಾನು ಒಳಗಿರುವಾಗಲೇ ಯಾರೋ ಬಂದು ಟೇಪು ಹಿಡಿದು ಗೋಡೆ ಅಳೆದುಕೊಂಡು ಹೋದರು. ಕೊಡದಿದ್ದರೆ ಆ ಕುರ್ಚಿಯೂ ಉಳಿಯುವುದು ಅನುಮಾನ. ‘ಮನೆಯವ್ರ ಒಪ್ಪಿಗೆ ಇದೆ ತಾನೇ?’ ಎಂದು ಮುಖ್ಯಸ್ಥೆ ಎಲ್ಲರ ಮುಂದೆ ಕೇಳಿದರು. ‘ಅಮ್ಮನ್ನ ಕೇಳಿ ಹೇಳ್ತೀನಿ’ ಎಂದೆ. ಎಲ್ಲರೂ ನಕ್ಕರು. ಯಂತ್ರ ನೋಡಿಕೊಳ್ಳುವ ಎಂಜಿನಿಯರ್, ನೀನೇ ‘ಗಡಿಬಿಡಿ’ ಎಂದು ಹೆಸರಿಟ್ಟೆಯಲ್ಲ, ಅವನು, ‘ಹೆಜ್ಜೆ ಹಾಕೋಕೂ ಅರ್ಜಿನಾ?’ ಎಂದ. ಆದರೆ ಒಮ್ಮೆ ಕಲಿತ ಮೇಲೆ ಅದನ್ನು ಮರೆಸುವುದು ಹೇಗೆಂದು ಅವನಿಗೂ ಗೊತ್ತಿಲ್ಲ. ನಾಳೆ ನಿನ್ನ ಹೆಜ್ಜೆ ಯಾವುದೋ ಜಾಹೀರಾತಿನಲ್ಲಿ, ಯಾವುದೋ ದೆವ್ವದ ಆಟದಲ್ಲಿ ನಡೆಯುತ್ತದೆ. ನೀನಿಲ್ಲದ ಕಾಲಕ್ಕೂ ನಡೆಯುತ್ತಲೇ ಇರುತ್ತದೆ. ನನಗೆ ಭಯವಾಗಿದೆ ಅಮ್ಮಾ.

ನೀನು ಹೂಂ ಎನ್ನುವವರೆಗೆ ಕೊಡುವುದಿಲ್ಲ, ಕುರ್ಚಿ ಹೋದರೆ ಹೋಗಲಿ. ಅಕ್ಕನಿಗೂ ಭಾವನಿಗೂ ನೆನಪು ಹೇಳು, ಪಾಪುವಿನ ಅಂಗಾಲಿಗೆ ಚಿಕ್ಕಮ್ಮನ ಮುತ್ತು.

ನಿನ್ನ
ಸಾಮಾನು ಬಡಿಯುವ ಮಗಳು

ತಾ.ಕ.: ಭಾವನ ಗೆಳೆಯರು ಬಂದು ಬಾಗಿಲಲ್ಲಿ ನಿಂತಿದ್ದಾರೆ. ಬೆಳಿಗ್ಗೆಯಿಂದ ನಾಲಗೆಯ ತುದಿಗೆ ಬಂದು ನಿಂತದ್ದನ್ನು ಈಗ ಬರೆಯುತ್ತೇನೆ. ಕಲಿಸುವ ಮುಂಚೆ ಬರೀ ಪರೀಕ್ಷೆಗೆಂದು, ನನ್ನ ಕಂಪ್ಯೂಟರಿನಲ್ಲೇ, ಯಾವ ಹೆಜ್ಜೆ ಯಾರದೆಂದು ಬೇರೆ ಮಾಡಲು ಗಡಿಬಿಡಿ ಯಂತ್ರಕ್ಕೆ ಹೇಳಿದ. ಅದು ನಿನ್ನನ್ನು ಇಬ್ಬರನ್ನಾಗಿ ಮಾಡಿತು. ಹಳೆಯವೆಲ್ಲ, ಚಪ್ಪಲಿಯವೂ ಬರಿಗಾಲಿನವೂ, ಒಬ್ಬಳದು. ಈ ಸಲದ್ದು ಬೇರೆ ಯಾರದೋ ಅಂತೆ. ‘ನಿಮ್ಮ ಯಂತ್ರಕ್ಕೆ ನಮ್ಮಮ್ಮನ ಗುರುತೇ ಇಲ್ಲ’ ಎಂದು ಹಂಗಿಸಿದೆ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಎರಡನ್ನೂ ಒಂದರ ಹಿಂದೊಂದು ಕೇಳಿದೆ. ನಿನ್ನ ಎಡಗಾಲು ನೆಲ ಬಿಟ್ಟು ಏಳುತ್ತಿಲ್ಲ ಅಮ್ಮಾ, ಎಳೆಯುತ್ತಿದೆ. ಪಕ್ಕದಲ್ಲೇ ಮೈಕು ಹಿಡಿದು ಕೂತಿದ್ದ ನನಗೆ ಅದು ಕೇಳಿಸಲಿಲ್ಲ. ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ. ಅವಳು ಡಾಕ್ಟರ ಹತ್ತಿರ ಕರೆದರೆ ನೀನು ‘ಚಪ್ಪಲಿ ಸಡಿಲ ಆಗಿದೆ ಅಷ್ಟೆ’ ಎಂದು ಅವಳ ಬಾಯಿ ಮುಚ್ಚಿಸಿದೆಯಂತೆ. ಒಪ್ಪಿಗೆಯ ಮಾತು ಹಾಗಿರಲಿ, ಕಂಪನಿ ಕಾಯಲಿ. ಇದನ್ನು ಓದಿದ ಕೂಡಲೇ ಭಾವನ ಜೊತೆ ಡಾಕ್ಟರ ಹತ್ತಿರ ಹೊರಡು, ನಿನ್ನ ದಮ್ಮಯ್ಯ. ಪಡಸಾಲೆಯಲ್ಲಿ ನಡೆಸಿದ ಆ ದಿನ ನೀನು ಚಪ್ಪಲಿ ಹಾಕಿರಲಿಲ್ಲ.