ಗಾಡಿ ಎಲ್ಲಿ ಹಚ್ಚಿದ್ರಿ, ವೈನಿ?

ಕೊಲ್ಲಾಪುರ, ಗುರುವಾರ

ಪ್ರೀತಿಯ ಕಾಂಚನ ವೈನಿಗೆ,

ಜಯ ಜಿನೇಂದ್ರ. ನಿಮ್ಮ ಒಬ್ಬಳೇ ನಾದಿನಿ ಕಾಗದ, ಪೆನ್ನು ಹಿಡಿದು ಕೂತಿದ್ದಾಳೆ ಎಂದು ನಗಬೇಡಿ. ಫೋನಿನಲ್ಲೇ ಹೇಳಲು ಎಷ್ಟೋ ಸಲ ನೋಡಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿ ಕೂಸು ರಾಗ ತೆಗೆಯುತ್ತದೆ. ಇಲ್ಲವೆ ನೀವೇ "ಮಂದಿ ಹ್ಞೂಂ ಅಂದ್ರಲ್ಲ? ಸಾಕ್ ಬಿಡು" ಎಂದು ಅರ್ಧ ಮಾತಿಗೇ ಖುಷಿಪಟ್ಟು ಫೋನ್ ಇಟ್ಟುಬಿಡುತ್ತೀರಿ. ಭಾನುವಾರ ಶ್ರೇಣಿಕ ಅಣ್ಣ ನಿಮ್ಮನ್ನೂ ಕೂಸನ್ನೂ ನೋಡಲು ನಿಮ್ಮ ತವರು ಮಹಾಗಾಂವಕ್ಕೆ ಬರುತ್ತಾನಲ್ಲ, ಕೂಸಿನ ಬಟ್ಟೆಯ ಚೀಲದಲ್ಲಿ ಈ ಪತ್ರ ಇಟ್ಟು ಕಳಿಸುತ್ತೇನೆ. ಪೂರ್ತಿ ಓದಿಯೇ ಸೋಮವಾರ ಕಾಗಲದ ಕಾರ್ಖಾನೆಯವರಿಗೆ ಉತ್ತರ ಕೊಡಿ. ಬಾಣಂತನ ಮುಗಿಯಲಿ ಎಂದು ನಿಮ್ಮ ಕಂಪ್ಯೂಟರ್ ಕೆಲಸದ ಕುರ್ಚಿಯನ್ನು ಇಷ್ಟು ದಿನ ಖಾಲಿ ಇಟ್ಟವರು ಅವರು. ನೀವು ಒಲ್ಲೆ ಎಂದರೆ ಅದು ಬೇರೆಯವರಿಗೆ ಹೋಗುತ್ತದೆ. ಗಾಡಿ ನಿಲ್ಲಿಸಲು ಜಾಗ ತೋರಿಸುವ ನನ್ನ ಆ್ಯಪನ್ನೇ ನಡೆಸುತ್ತೇನೆ, ಕೆಲಸ ಒಲ್ಲೆ ಎನ್ನಲು ನೀವು ತುದಿಗಾಲಲ್ಲಿ ನಿಂತಿದ್ದೀರಿ, ಅದೂ ನನ್ನ ಮಾತು ನಂಬಿ. ಅದಕ್ಕೇ ನನಗೆ ಹೆದರಿಕೆ.

ಆ ಆ್ಯಪ್ ಹುಟ್ಟಿದ ದಿನ ನನಗೆ ಚೆನ್ನಾಗಿ ನೆನಪಿದೆ. ಮದುವೆಯಾಗಿ ನೀವು ಕೊಲ್ಲಾಪುರಕ್ಕೆ ಬಂದ ಹೊಸತು. ಮಹಾದ್ವಾರ ರಸ್ತೆಯಲ್ಲಿ ಯಾವುದೋ ಅಂಗಡಿಯ ಮುಂದೆ ಸ್ಕೂಟಿ ನಿಲ್ಲಿಸಿ ಬಳೆ ಕೊಳ್ಳಲು ಹೋಗಿದ್ದಿರಿ. ಹೊರಗೆ ಬರುವಷ್ಟರಲ್ಲಿ ಅಂಗಡಿಯವರು ಬೀದಿಗೆಲ್ಲ ಕೇಳುವಂತೆ "ಕುಣಾಚಿ ಗಾಡಿ? ಕುಣಾಚಿ?" ಎಂದು ಒದರುತ್ತಿದ್ದರು. ಯಾರ ಗಾಡಿ ಎಂದರೆ ನನ್ನದು ಎನ್ನಲು ನಿಮಗೆ ಬಾಯಿ ಬರಲಿಲ್ಲ. ಈ ಊರಲ್ಲಿ ನಿಮ್ಮ ಹೆಸರು ಯಾರಿಗೆ ಗೊತ್ತಿತ್ತು? ಅವರು ಒಳಗೆ ಹೋಗುವವರೆಗೂ ಬಳೆ ಅಂಗಡಿಯಲ್ಲೇ ನಿಂತು, ಆಮೇಲೆ ಕಳ್ಳರ ಹಾಗೆ ಗಾಡಿ ತೆಗೆದುಕೊಂಡು ಬಂದಿರಿ. ಸಂಜೆ ಭಕ್ರಿ ಬಡಿಯುತ್ತ, ನಗುತ್ತ, ಮೊಣಕೈಯಿಂದ ಕಣ್ಣು ಒರೆಸಿಕೊಳ್ಳುತ್ತ, "ಮೃಣಾಲ, ಈ ಊರಾಗ ಗಾಡಿ ಹಚ್ಚಾಕ ಸುದ್ದಾ ನಮ್ಮವರು ಅಂತ ಯಾರರೆ ಇರಬೇಕಲ್ಲ" ಎಂದಿರಿ. ಎಲ್ಲಿ ಜಾಗ ಖಾಲಿ ಇದೆ ಎಂದು ಫೋನಿನಲ್ಲೇ ತೋರಿಸುವ ಆ್ಯಪ್ ಮಾಡುತ್ತೇನೆ ಎಂದು ಅವತ್ತೇ ಹಟ ಹಿಡಿದಿರಿ. ಮುಂದೆ ಬಸುರಿಯಾದ ಮೇಲೂ ಬಿಡಲಿಲ್ಲ. ಊದಿದ ಕಾಲು ಸ್ಟೂಲಿನ ಮೇಲೆ ಚಾಚಿ ಲ್ಯಾಪ್‌ಟಾಪ್ ಕುಟ್ಟುತ್ತಿದ್ದ ನಿಮ್ಮನ್ನು ನೋಡಿ ನನಗೆ ಎಷ್ಟು ಅಭಿಮಾನ ಬರುತ್ತಿತ್ತು ಎಂದು ಒಮ್ಮೆಯೂ ಹೇಳಿಲ್ಲ. ಈಗ ಹೇಳಿದೆ, ಉಬ್ಬಬೇಡಿ.

ಇದು ಜನಕ್ಕೆ ಬೇಕೋ ಬೇಡವೋ ಕೇಳಿಕೊಂಡು ಬಾ ಎಂದು ನನ್ನನ್ನು ಅಟ್ಟಿದವರು ನೀವು. "ಮಾವನವರ ಹೆಸರು ಹೇಳು, ಇಲ್ಲಂದ್ರ ಯಾರೂ ಒಳಗ ಕರಿಯಂಗಿಲ್ಲ" ಎಂದು ಬುದ್ಧಿ ಹೇಳಿದವರೂ ನೀವೇ. ನನಗೂ ಅದೇ ಸರಿ ಎನ್ನಿಸಿತು. ನಾವಿಬ್ಬರೂ ಕೂಡಿ ಎಡವಿದ್ದು ಅಲ್ಲೇ.

ಮೊದಲು ಹೋಗಿದ್ದು ಇಚಲಕರಂಜಿಗೆ, ಮಗ್ಗದ ಕಾರ್ಖಾನೆಯ ಆಬಾಸಾಹೇಬರ ಮನೆಗೆ. ಬಾಗಿಲಲ್ಲೇ "ಯಾರ ಪೈಕಿ ನೀ?" ಎಂದರು. ಅಪ್ಪನ ಹೆಸರು ಹೇಳಿದೆ. "ಅರೆ, ಜಿನಪಾಲನ ಮಗಳಾ! ಬಾ ಬಾ, ಒಳಗ ಬಾ!" ಎಂದವರೇ ಪೋಹೆ, ಚಹಾ ತರಿಸಿದರು. ಆ್ಯಪ್ ತೋರಿಸಿದರೆ ಕನ್ನಡಕವನ್ನೂ ಹಾಕಿಕೊಳ್ಳದೆ, "ಭಾಳ ಚಲೋ ಐತಿ ನೋಡವಾ. ಕೊಲ್ಲಾಪುರಕ್ಕ ಹೋದಾಗೆಲ್ಲಾ ಇದನ್ನ ಬಳಸ್ತೇನಿ" ಎಂದರು. ಪಕ್ಕದ ಮನೆಯವರೂ ಹಾಗೇ ಅಂದರು, ಅದರಾಚೆಯವರೂ ಹಾಗೇ. ಒಂದು ಮನೆಯಲ್ಲಿ ಬರಿಗೈಯಲ್ಲಿ ಕಳಿಸಬಾರದೆಂದು ಕುಪ್ಪಸದ ಬಟ್ಟೆ ಕೊಟ್ಟರು, ಜೊತೆಗೊಂದು ಹ್ಞೂಂ ಕೊಟ್ಟರು. ಅವತ್ತೇ ನಾನು ನಿಮಗೆ ಫೋನ್ ಮಾಡಿ ಕುಣಿದಾಡಿದ್ದು.

ಫೋನ್ ಇಟ್ಟು ಬಸ್ ನಿಲ್ದಾಣದ ಕಡೆ ಹೊರಟರೆ ಆಬಾಸಾಹೇಬರ ಚಾಲಕ ರಾಮಲಿಂಗ ಎದುರಾದ. ಸುಮ್ಮನೆ ಕುತೂಹಲಕ್ಕೆ, ಕೊಲ್ಲಾಪುರದಲ್ಲಿ ಗಾಡಿ ಎಲ್ಲಿ ಹಚ್ಚುತ್ತೀರಿ ಎಂದೆ. "ಎಲ್ಲಿ ಹಚ್ಚೂದ್ರಿ? ಸಾಹೇಬ್ರು ಇಳದ ಹೋಗ್ತಾರ, ನಾ ಗಾಡ್ಯಾಗ ಕುಂತಿರ್ತೇನಿ. ಪೋಲಿಸ್ರು ಬಂದ್ರ ಒಂದು ಸುತ್ತು ಹೊಡ್ಯೂದು, ಮತ್ತ ಅಲ್ಲೇ ಬರೂದು" ಎಂದು ನಕ್ಕ. ನನ್ನ ಮುಖ ಇಳಿಯಿತು. ಆಬಾಸಾಹೇಬರು ಸುಳ್ಳು ಹೇಳಿದ್ದರು ಎನ್ನಲಾರೆ, ವೈನಿ. ಸ್ನೇಹಿತನ ಮಗಳು ಮನೆಗೆ ಬಂದು ಕೇಳಿದರೆ ಈ ಸೀಮೆಯಲ್ಲಿ ಒಲ್ಲೆ ಎನ್ನುವವರು ಯಾರು? ಅವರೆಲ್ಲ ಹ್ಞೂಂ ಎಂದದ್ದು ಅಪ್ಪನಿಗೆ.

ಆಮೇಲೆ ಗಡಹಿಂಗ್ಲಜಕ್ಕೆ ಹೋದಾಗ ಅಪ್ಪನ ಹೆಸರನ್ನು ಮನೆಯಲ್ಲೇ ಬಿಟ್ಟು ಹೋದೆ. ಆ್ಯಪ್ ಬೇಕೇ ಎಂದೂ ಕೇಳಲಿಲ್ಲ. ಹಿಂದಿನ ಸಲ ಕೊಲ್ಲಾಪುರಕ್ಕೆ ಹೋದಾಗ ಗಾಡಿ ಎಲ್ಲಿ ಹಚ್ಚಿದ್ರಿ ಎಂದಷ್ಟೇ ಕೇಳಿದೆ. ಅಬ್ಬಾ, ಜನರ ಬಾಯಿ ಹೇಗೆ ತೆರೆದುಕೊಂಡಿತು! ಹಿಟ್ಟಿನ ಗಿರಣಿಯಲ್ಲಿ ಸಿಕ್ಕ ಗೌರವ್ವ, "ನಮ್ಮ ಅಕ್ಕನ ಮಗಳು ಮನೀಷಾನ ಮನಿ ಮುಂದ" ಎಂದರು. ಆ ಮನೆ ಅವರು ದರ್ಶನಕ್ಕೆ ಹೋಗುವ ದೇವಿಯ ಗುಡಿಯಿಂದ ಎಷ್ಟು ದೂರ ಎಂದರೆ, ಬಿಸಿಲಲ್ಲಿ ನಡೆಯಲು ನಾನೇ ಹಿಂದೆಮುಂದೆ ನೋಡಬೇಕು. ದೂರ ಆಗುವುದಿಲ್ಲವೇ ಎಂದದ್ದಕ್ಕೆ ನನ್ನನ್ನೇ ವಿಚಿತ್ರವಾಗಿ ನೋಡಿದರು. "ಆಗ್ತೈತಿ. ಆದ್ರ ಆಕಿನ್ನ ನೋಡಾಕ ಬ್ಯಾಡೇನ? ಸುಮ್ನ ಹೋದ್ರ ಅಳಿಯಾ ಏನ ಅಂದಾನು. ಗಾಡಿ ಹಚ್ಚೂದು ಒಂದು ನೆವ ಐತಿ ಯವ್ವಾ." ಪ್ರತಿ ಸಲ ಆಜರಾ ಅಕ್ಕಿಯ ಚೀಲ ಒಯ್ದು ಇಳಿಸುತ್ತಾರಂತೆ. ಹುಡುಗಿ ಬಡವಾಗಿದ್ದಾಳೋ, ನಗುತ್ತಿದ್ದಾಳೋ ಕಣ್ಣಾರೆ ನೋಡಿಕೊಂಡು ಬರುತ್ತಾರಂತೆ. ಅವರ ಹಿಟ್ಟು ಬೀಸಿ ಮುಗಿದರೂ ನಾನು ಬಿಡದೆ ಕೇಳುತ್ತಲೇ ಇದ್ದೆ. ಆ್ಯಪಿನ ಮಾತೇ ಮರೆತಿತ್ತು.

ಅದೇ ಗಿರಣಿಯಲ್ಲಿ ಜೋಳದ ಚೀಲ ಇಳಿಸಲು ಹಾಲಸಿದ್ದ ಬಂದ. ಕುರಿ ಸಾಕುವ ಮನೆತನ, ಈಗ ಒಂದು ಸಣ್ಣ ಟೆಂಪೊ ಇಟ್ಟಿದ್ದಾನೆ. ಹೆಂಡತಿ ಹಣಮವ್ವನನ್ನು ಆಗಾಗ ಕೊಲ್ಲಾಪುರದ ದವಾಖಾನೆಗೆ ಅದರಲ್ಲೇ ಕರೆದೊಯ್ಯುತ್ತಾನೆ. ಗಾಡಿ ಎಲ್ಲಿ ಹಚ್ಚುತ್ತೀ ಎಂದೆ. "ರಸ್ತಾದ ಬಾಜೂಕ ನಿಂದ್ರಿಸ್ಕೊಂಡ ಅದರಾಗ ಕುಂದರ್ತೇನ್ರಿ. ಬಿಟ್ಟು ಹೋದ್ರ ಬೈತಾರ. ಆಕಿ ಒಬ್ಬಾಕಿನ ಮಾಳಿಗಿ ಮ್ಯಾಲೆ ಹೋಗ್ತಾಳ. ಆಕಿಗೆ ಮರಾಠಿ ಬರಂಗಿಲ್ಲ. ಡಾಕ್ಟರ್ ಏನಂದ್ರು ಅಂದ್ರ, ಏನೋ ಅಂದ್ರು ಅಂತಾಳ." ಇದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಯಾರಾದರೂ ಗುರ್ತಿನವರ ಮನೆ ಮುಂದೆ ಬಿಡಬಾರದೇ ಎಂದೆ. "ಅಲ್ಲಿ ನಮಗ ಯಾರ ಅದಾರ್ರಿ?"

ನನಗೆ ಜೀವ ಬಂದಂತಾಯಿತು. ಅಂತೂ ಸಿಕ್ಕಿದನಲ್ಲ ನಮ್ಮ ಗಿರಾಕಿ ಎಂದು ಆ್ಯಪ್ ತೆಗೆದು ತೋರಿಸಿದೆ. ಅವನು ಬೆರಳಿನಿಂದ ನಕಾಶೆ ಸರಿಸುತ್ತ ಬಹಳ ಹೊತ್ತು ನೋಡಿದ. "ಜಾಗ ಕಾಣತೈತ್ರಿ, ಖರೆ. ಅಲ್ಲಿ ಹಚ್ಚಿದ ಮ್ಯಾಲೆ ಕುಣಾಚಿ ಗಾಡಿ ಅಂತ ಯಾರರೆ ಕೇಳಿದ್ರ, ನಾ ಯಾರಂತ ಹೇಳ್ಲಿ?" ಎಂದ. ವೈನಿ, ನನಗೆ ನೀವು ಭಕ್ರಿ ಬಡಿಯುತ್ತಿದ್ದ ಆ ಸಂಜೆಯೇ ನೆನಪಾಯಿತು. ನಮ್ಮ ಆ್ಯಪಿನಲ್ಲಿ ಎಲ್ಲ ಇತ್ತು, ಈ ಪ್ರಶ್ನೆಗೆ ಉತ್ತರ ಮಾತ್ರ ಇರಲಿಲ್ಲ.

ನಿನ್ನೆ ಮಹಾದ್ವಾರ ರಸ್ತೆಯ ಅಂಗಡಿಕಾರರನ್ನು ಮಾತಾಡಿಸಲು ಹೋದೆ. ಪಾತ್ರೆ ಅಂಗಡಿಯ ಪದ್ಮಕುಮಾರ ಕಾಕಾನ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಸಾಲಾಗಿ ಮೊಳೆಗಳು, ಮೊಳೆಗೊಂದು ಚಾವಿ. ಗುರ್ತಿನವರು ಗಾಡಿ ಹಚ್ಚಿ, ಚಾವಿ ಕೊಟ್ಟು, ಎರಡು ಮಾತಾಡಿ ಹೋಗುತ್ತಾರೆ. ಜಾಗ ಬೇಕಾದಾಗ ಕಾಕಾನೇ ಗಾಡಿ ಸರಿಸುತ್ತಾನೆ. ನಡುವೆ ಒಂದು ಮೊಳೆ ಮಾತ್ರ ಬರಿದಾಗಿತ್ತು. ಯಾಕೆ ಎಂದು ಕೇಳಿದೆ.

"ಅದು ಮಹಾಗಾಂವದ ಕಾಂಚನಂದು. ಬಾಣಂತನಕ್ಕ ಹೋಗ್ಯಾಳ. ಬರ್ತಾಳಲ್ಲ, ಅದಕ್ಕ ಮತ್ತೊಬ್ಬರದು ಹಾಕಿಲ್ಲ."

ನಾನು ನಿಮ್ಮ ನಾದಿನಿ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಕುರ್ಚಿ ಎಳೆದು ಕೂಡಿಸಿ ಎಲ್ಲ ಹೇಳಿದ. ಅವತ್ತು ಒದರಿದ್ದು ಅವನೇ ಅಂತೆ. ಮರುದಿನ ನೀವು ಒಬ್ಬರೇ ಹೋಗಿ, "ಕಾಕಾ, ನಿನ್ನಿ ಆ ಗಾಡಿ ನಂದ ಇತ್ತರಿ" ಎಂದಿರಂತೆ. "ಹಿಂದಿನ ದಿನ ಸಿಟ್ಟಿನ್ಯಾಗ ಒದರಿದ್ದೆ. ಹೀಂಗ ಮುಂದ ಬಂದು ಹೇಳಿದ್ಲು. ಇನ್ ಮ್ಯಾಲೆ ಇಲ್ಲೇ ಹಚ್ಚವಾ ಅಂದೆ" ಎಂದ. ಎಂಥ ಕಳ್ಳಿ ನೀವು! ನನಗೊಂದು ಮಾತೂ ಹೇಳಲಿಲ್ಲ. ಆ್ಯಪ್ ಕಟ್ಟಿದ ಅಷ್ಟೂ ತಿಂಗಳು, ಪೇಟೆಗೆ ಹೋದಾಗೆಲ್ಲ ನಿಮ್ಮ ಚಾವಿ ಅಲ್ಲೇ ತೂಗಿದೆ. ನಿಮ್ಮ ಆ್ಯಪನ್ನು ನೀವೇ ಒಂದು ದಿನವೂ ಬಳಸಿಲ್ಲ, ಹೌದೋ ಅಲ್ಲವೋ? ಇದನ್ನು ಚುಚ್ಚಲು ಬರೆಯುತ್ತಿಲ್ಲ. ಆ ಬರಿ ಮೊಳೆಯನ್ನು ಒಮ್ಮೆ ಮುಟ್ಟಿ ನೋಡಿ ಬಂದೆ. ಯಾರ ಗಾಡಿ ಎಂದರೆ ಉತ್ತರ ಕೊಡಲಾಗದೆ ಬಳೆ ಅಂಗಡಿಯಲ್ಲಿ ಅಡಗಿ ನಿಂತಿದ್ದ ಹುಡುಗಿಗೆ ಈ ಊರು ಜಾಗ ಹಿಡಿದಿಟ್ಟು ಕಾಯುತ್ತಿದೆ.

ಹಾಗಾಗಿ ನನ್ನ ಮಾತು ಕೇಳಿ, ಕಾಗಲದವರಿಗೆ ಹ್ಞೂಂ ಅನ್ನಿ. ಗುರ್ತಿನವರಿದ್ದವರಿಗೆ ಈ ಆ್ಯಪ್ ಬೇಡ, ಇಲ್ಲದವರಿಗೆ ಇಷ್ಟು ಸಾಲದು. ಇದನ್ನು ನಂಬಿ ಆ ಕುರ್ಚಿ ಬಿಡಬೇಡಿ. ನಿಮಗೆ ಬೇಸರವಾಗುತ್ತದೆ, ನನಗೆ ಗೊತ್ತು. ಬರೆಯುತ್ತಿರುವ ನನಗೂ ಆಗುತ್ತಿದೆ.

ಇನ್ನೊಂದು ಮಾತು. ಗುರುತೇ ಇಲ್ಲದವನ ಚಾವಿ ಹಾಕಿಕೊಳ್ಳುತ್ತೀಯಾ ಎಂದು ಕಾಕಾನನ್ನು ಕೇಳಿದೆ. ಒರೆಸುತ್ತಿದ್ದ ತಂಬಿಗೆ ಕೆಳಗಿಟ್ಟು ಯೋಚಿಸಿದ. "ಹಂಗ ಹ್ಯಾಂಗ ಹಾಕ್ಕೊಳ್ಳೂದು? ಇವರು ನಮ್ಮವರು ಅಂತ ಕಾಂಚನ ಒಂದು ಮಾತು ಹೇಳಿದ್ರ ಹಾಕ್ತೇನಿ" ಎಂದ. ಮಂಗಳವಾರ ಹಾಲಸಿದ್ದ ಹಣಮವ್ವನನ್ನು ಮತ್ತೆ ದವಾಖಾನೆಯಲ್ಲಿ ತೋರಿಸಬೇಕಂತೆ. ಕಾಕಾನ ಅಂಗಡಿಯಿಂದ ದವಾಖಾನೆ ನಡೆಯುವಷ್ಟೇ ದೂರ. ಸೋಮವಾರ ಕಾಗಲಕ್ಕೆ ಫೋನ್ ಮಾಡಿದ ಮೇಲೆ ಕಾಕಾನಿಗೂ ಒಂದು ಫೋನ್ ಮಾಡುತ್ತೀರಾ? ನೀವು ಬರುವವರೆಗೆ ನಿಮ್ಮ ಮೊಳೆಗೆ ಹಾಲಸಿದ್ದನ ಚಾವಿ ಹಾಕಿಸುತ್ತೇನೆ. ಈ ಸಲ ಅವನೂ ಹೆಂಡತಿಯ ಜೊತೆ ಮೇಲೆ ಹೋಗಿ ಡಾಕ್ಟರ ಮಾತು ಕೇಳಲಿ.

ಕೂಸಿಗೆ ಅತ್ತೆಯ ಮುತ್ತು. ಅದು ದೊಡ್ಡದಾಗಿ ಯಾವ ಊರಿಗೆ ಹೋದರೂ ಅಲ್ಲಿ ಅದರದ್ದೂ ಒಂದು ಮೊಳೆ ಇರಲಿ ಎಂದು ಹರಸುವ,

ನಿಮ್ಮ ದಾರಿ ಕಾಯುತ್ತಿರುವ ನಾದಿನಿ,
ಮೃಣಾಲ